ಎರಡನೇ ಸೀನು

ಈಗ ಕಂಪ್ಯೂಟರ್ ಮುಂದ ಕುಂತು, ಒಂದು ಬೆರಳಿನಿಂದ ಅಕ್ಷರ ಹುಡುಕಿ, ಇನ್ನೊಂದು ಬೆರಳಿನಿಂದ ಒತ್ತಕ್ಷರ ಹುಡುಕಿ, ಏನೋ ಒಂದು ಬರೀಬೇಕಂತ ಮಾಡಿದ್ನಿ ನೋಡ್ರಿ. ಬರೀಬೇಕಂದಿದ್ದು ಬ್ಯಾರೆನ ಇತ್ತು. ನಮ್ಮ ಹಳೇ ಸ್ಪೀಕರಿನ ಬಾಯಾಗ ಗುಬ್ಬಿ ಗೂಡು ಕಟ್ಟೇತಿ, ಅದರ ಬಗ್ಗೆ ಭಾರಿ ವಿಚಾರ ಮಾಡಿಕೊಂಡು ಕುಂತಿದ್ನಿ. ಮೊದಲನೇ ಸಾಲು ಹೊಡದೂ ಆಗಿತ್ತು. ಅಷ್ಟರಾಗ ಮೂಗಿನ್ಯಾಗ ಗುಳುಗುಳು ಅಂತು. ಆಕ್ಷೀ!

ಗೋಡಿ ಆಚೆ ಕುಂತು ವಾಯರ್ ಸುಲಿಯಾಕತ್ತಿದ್ದ ಮೌಲಾ ಕಾಕಾ ಅಲ್ಲಿಂದನ ಒದರಿದ್ರು, "ಇನ್ನೊಂದು!"

"ಬರವಲ್ತು ಕಾಕಾ!"

"ಬರೋತನಕ ಏಳಬ್ಯಾಡ ಮತ್ತ!"

ಗುಬ್ಬಿ ಹಾರಿಹೋತು. ಈಗ ನೀವು ಸೀನಿನ ಕತಿನ ಕೇಳಬೇಕು, ಬ್ಯಾರೆ ದಾರಿ ಇಲ್ಲ.

ಮೊದಲ ಹೇಳಿಬಿಡ್ತೇನಿ, ನನ್ನ ಹೆಸರೂ ಸೀನು. ಶ್ರೀನಿವಾಸ ಅಂತ ಇಟ್ಟಿದ್ರು, ಅದನ್ನ ಪೂರ್ತಿ ಕರೆಯುವಷ್ಟು ಪುರುಸೊತ್ತು ಕುಪ್ಪೇಲೂರಾಗ ಯಾರಿಗಿತ್ತು? ಸೀನ್ಯಾ ಆತು. ನಮ್ಮ ಶಾಲ್ಯಾಗ ಇನ್ನೊಬ್ಬ ಶ್ರೀನಿವಾಸ ಇದ್ದ. ಅವ ಎಣ್ಣಿ ಹಚ್ಚಿ ಬೈತಲಿ ತಗದು, ಪಾಟಿ ಒರಸಾಕ ಬ್ಯಾರೆ ಅರಿವಿ ತರಾವ. ಅದಕ್ಕ ಮಾಸ್ತರು ಹಾಜರಿ ಕರಿಯೋ ಮುಂದ ಅವಗ ಒಂದನೇ ಸೀನು, ನನಗ ಎರಡನೇ ಸೀನು ಅಂತಿದ್ರು. "ಒಂದನೇ ಸೀನೂ!" "ಹಾಜರ್ರಿ ಸರ್!" "ಎರಡನೇ ಸೀನೂ!" ಅಂದ ಕೂಡ್ಲೆ ನನಗ ಖರೇನ ಸೀನು ಬರ್ತಿತ್ತು. ಬೋರ್ಡ್ ಒರಸಿದ ಖಡುವಿನ ಪುಡಿ ಮೂಗಿಗೆ ಬಡೀತಿತ್ತೋ, ಹೆಸರಿನ ಗುಣಾನೋ ಗೊತ್ತಿಲ್ಲ. ಮಾಸ್ತರು ತಲಿ ಎತ್ತದ ಹಾಜರಿ ಹಾಕಿಬಿಡ್ತಿದ್ರು. ಸೀನಿದ ಮ್ಯಾಲ ಹುಡುಗ ಬಂದಾನ ಅಂತನ ಅರ್ಥ.

ಶಾಲ್ಯಾಗ ಹಾಜರಿ ಸಿಕ್ಕಿದ್ದು ಖರೆ, ಮನ್ಯಾಗ ಮಾತ್ರ ಈ ಮೂಗಿನಿಂದ ನನಗ ಭಾಳ ಅವಮಾನ ಆಗೇತಿ. ಯಾಕಂದ್ರ ನಮ್ಮ ಅಜ್ಜಿ. ಅಜ್ಜಿಗೆ ಓದಾಕ ಬರಂಗಿಲ್ಲ, ಆದ್ರ ಸೀನಿನ ಕಾಯ್ದೆ ಪೂರ್ತಿ ಬಾಯಿಪಾಠ. ಯಾರರ ಹೊಂಟಾಗ ಒಂಟಿ ಸೀನು ಬಿತ್ತಂದ್ರ ಹೋಗೂಹಂಗಿಲ್ಲ, ಒಳಗ ಬಂದು ಕುಂತು ನೀರು ಕುಡದು ಏಳಬೇಕು. ಜೋಡಿ ಸೀನು ಬಿತ್ತಂದ್ರ ಶುಭ, ಓಡಬೇಕು. ಇಷ್ಟು ಎಲ್ಲಾರಿಗೂ ಗೊತ್ತಿರೋದ. ಅಜ್ಜಿ ಇದಕ್ಕ ತನ್ನವು ಮೂರು ಕಲಮು ಸೇರಿಸಿದ್ಲು. ಎರಡನೇ ಸೀನು ಒಂದನೇದರ ಬೆನ್ನಿಗೇ ಬರಬೇಕು. ಒಂದನೇದು ಬಂದ ಅದ ಮೂಗಿನಿಂದ ಬರಬೇಕು. ಮತ್ತ ಖರೇ ಸೀನು ಇರಬೇಕು, ಸುಳ್ಳು ಸೀನು ನಡಿಯಂಗಿಲ್ಲ.

ನಮ್ಮ ಅಪ್ಪ ರಾಣೇಬೆನ್ನೂರಿನ ಮೊದಲನೇ ಬಸ್ಸಿಗೆ ಹೊಂಟಾಗೆಲ್ಲ ನಾನು ಬಾಗಿಲದಾಗ ನಿಂತು ಕರೆಕ್ಟಾಗಿ ಒಂದು ಸೀನು ಹೊಡೀತಿದ್ನಿ. ಅಪ್ಪ ಎತ್ತಿದ ಕಾಲು ಕೆಳಗಿಟ್ಟು, "ಏ ಎರಡನೇ ಸೀನ್ಯಾ, ಇನ್ನೊಂದು ಹೊಡಿಯೋ ಮಾರಾಯಾ," ಅಂತ ಬೇಡಿಕೊಳ್ತಿದ್ದ. ಬರ್ತಿರ್ಲಿಲ್ಲ. ಅಪ್ಪ ಕುಂತು ನೀರು ಕುಡಿಯೋದ್ರಾಗ ಬಸ್ಸು ಊರ ಅಗಸಿ ಬಾಗಿಲಾ ದಾಟಿರ್ತಿತ್ತು. ಒಮ್ಮೆ ಪಾಪ ಅನಿಸಿ ನಾನ ಬಾಯಿಲೆ "ಆಕ್ಷೀ" ಅಂದ್ನಿ. ಅಜ್ಜಿ ಒಳಗಿಂದ ಬಂದಾಕಿನ ನನ್ನ ಕಿವಿ ಹಿಡಕೊಂಡ್ಲು. "ಸೀನಿಗೂ ಸುಳ್ಳು ಹೇಳ್ತಿಯೇನಲೇ? ದೇವರ ಕಣ್ಣಾಗ ಮಣ್ಣು ಹಾಕ್ತಿ?" ಅವತ್ತಿನಿಂದ ಮನ್ಯಾಗ ಯಾರರ ಶುಭ ಕಾರ್ಯಕ್ಕ ಹೊಂಟ್ರ ನನ್ನನ್ನ ಹಿತ್ತಲಕ್ಕ ಕಳಿಸಿಬಿಡ್ತಿದ್ರು. ಬುಟ್ಟಿ ಕೆಳಗ ಕೋಳಿ ಮುಚ್ಚಿದಂಗ.

ಹಿತ್ತಲದಾಗ ಏನು ಮಾಡ್ಲಿ ಹೇಳ್ರಿ? ಅಲ್ಲಿ ನಮ್ಮ ಮಾವನ ಕೆಟ್ಟ ಟೇಪ್‌ರೆಕಾರ್ಡರ್ ಬಿದ್ದಿತ್ತು. ಬಿಚ್ಚಿದ್ನಿ. ಕೂಡಿಸಿದ್ನಿ. ಎರಡು ಸ್ಕ್ರೂ ಉಳದ್ವು. ಮತ್ತ ಬಿಚ್ಚಿದ್ನಿ, ಈ ಸಲ ಮೂರು ಉಳದ್ವು. ಹಿಂಗ ಸ್ಕ್ರೂ ಉಳಿಸ್ಕೋತ ಉಳಿಸ್ಕೋತ ಒಂದು ದಿನ ಅದು ಹಾಡಾಕ ಹತ್ತಿತು. ನನ್ನ ವಿದ್ಯಾಭ್ಯಾಸ ಅಂದ್ರ ಇಷ್ಟ. ಯಾರೂ ಕಲಿಸ್ಲಿಲ್ಲ, ಮೂಗು ಕಲಿಸಿತು.

ಮುಂದ ರಾಣೇಬೆನ್ನೂರಾಗ ಬಸಣ್ಣನ ಕ್ಯಾಸೆಟ್ ಅಂಗಡಿಗೆ ಸೇರಿದ್ನಿ. ಮಂದಿ ತಮಗ ಬೇಕಾದ ಹಾಡು ಚೀಟಿ ಮ್ಯಾಲ ಬರಕೊಂಡು ಬರೋರು, ನಾನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡೋದು. ನಾಕು ವರ್ಷ ಅದ ಕೆಲಸ. ಇದರಾಗ ನನ್ನ ಒಂದು ಹುಚ್ಚಿತ್ತು. ಒಂದು ಬಾಜೂ ಮುಗಿದ ಮ್ಯಾಲ ಒಂದೀಟು ಟೇಪ್ ಖಾಲಿ ಉಳೀತಿತ್ತಲ್ರಿ, ಅಲ್ಲಿ ನಾನ ಮೈಕ್ ಹಿಡದು ನನ್ನ ದನಿ ಹಾಕ್ತಿದ್ನಿ. "ಐರಣಿ ನಾಗಪ್ಪಣ್ಣಾರ, ಒಂದನೇ ಬಾಜೂ ಮುಗೀತ್ರಿ. ತಿರುವಿ ಹಾಕ್ರಿ, ಇನ್ನೂ ಐತಿ!" ಯಾರೂ ಕೇಳಿದ್ದಿಲ್ಲ. ಬಸಣ್ಣ ಬೈತಿದ್ದ, "ಲೇ, ಹಾಡು ಕೇಳಾಕ ರೊಕ್ಕ ಕೊಡ್ತಾರ, ನಿನ್ನ ಭಾಷಣ ಕೇಳಾಕಲ್ಲ." ಆದ್ರ ನಾಗಪ್ಪಣ್ಣ ಐರಣಿಯಿಂದ ಮತ್ತ ಬಂದು, "ನನ್ನ ಹೆಸರು ಹೇಳ್ಯಾನಲ್ಲ, ಆ ಹುಡುಗನ ಕಡೆ ಮಾಡಿಸ್ರಿ" ಅಂದ ಮ್ಯಾಲ ಬಸಣ್ಣ ಸುಮ್ಮನಾದ.

ಆಮ್ಯಾಲ ಏನಾತು ಅನ್ನೋದು ನಿಮಗೂ ಗೊತ್ತೈತಿ. ಸಿಡಿ ಬಂತು. ಅದರ ಬೆನ್ನಿಗೆ ಮೊಬೈಲ್ ಬಂತು. ಚೀಟಿ ಹಿಡಕೊಂಡು ಬರೋರು ಕಡಿಮಿ ಆದ್ರು. ಕಡೀಕಡೀಗೆ ನಾನೂ ಬಸಣ್ಣನೂ ಎದುರುಬದುರು ಕುಂತು ಒಬ್ಬರ ಮಾರಿ ಒಬ್ಬರು ನೋಡೋದು, ಒರಸಿದ ಕ್ಯಾಸೆಟ್ಟ ಮತ್ತ ಒರಸೋದು. ಒಂದು ದಿನ ಬಸಣ್ಣ ಕ್ಯಾಸೆಟ್ ಒರಸ್ಕೋತನ ಅಂದ, "ಸೀನ್ಯಾ, ನಾಳಿಂದ ಬರಬ್ಯಾಡಪಾ."

ಅವ ನಗ್ಯಾಡಾಕತ್ತಾನ ಅಂದ್ಕೊಂಡ್ನಿ. "ಯಾಕ, ನಾಳೆ ಸೂಟಿಯೇನು?"

"ನಾಳೆ ಒಂದ ದಿನ ಅಲ್ಲೋ. ಅಂಗಡ್ಯಾಗ ಮೊಬೈಲ್ ಇಡ್ತೇನಿ, ನನ್ನ ಹೆಂಡತಿ ತಮ್ಮಗ ಅದು ಬರ್ತೈತಿ. ಇಬ್ಬರಿಗೆ ಜಾಗಾ ಇಲ್ಲ." ಅವ ನನ್ನ ಮಾರಿ ನೋಡ್ಲಿಲ್ಲ. ಒಳಗ ಹೋಗಿ ಎರಡು ಕ್ಯಾಸೆಟ್ ಹಾಕೋ ಡೆಕ್ಕು, ಮೈಕು ಎರಡೂ ತಂದು ನನ್ನ ಕೈಯಾಗ ಇಟ್ಟ. "ಇನ್ನ ಇವು ನನಗ್ಯಾಕ? ನಿನ್ನ ಮಾತು ಕೇಳ್ತಾವು." ಬಾಗಿಲದ ತನಕ ಬಂದು ಬೆನ್ನ ಮ್ಯಾಲ ಒಂದು ಹೊಡದ. "ಒಂದನೇ ಬಾಜೂ ಮುಗೀತಲೇ. ತಿರುವಿ ಹಾಕು."

ನನ್ನ ಡೈಲಾಗು ನನಗ ಹೊಡದಿದ್ದ ಮಗ! ನಗು ಬಂತು. ಬಸ್ಸಿನ್ಯಾಗ ಆ ಡೆಕ್ಕು ತೊಡಿ ಮ್ಯಾಲ ಇಟ್ಕೊಂಡು ಕುಂತಾಗ ಮಾತ್ರ ಬ್ಯಾರೆ ಏನೋ ಬಂತು, ಸೀನು ಬಂದಂಗ ಮಾಡಿ ಕರವಸ್ತ್ರ ಹಚ್ಚಿಕೊಂಡ್ನಿ. ನನ್ನ ಮೂಗು ಒಂದೊಂದು ಸಲ ಉಪಕಾರಕ್ಕೂ ಬರ್ತೈತಿ.

ಮನ್ಯಾಗ ಹೇಳಿದ್ನಿ. ಅಪ್ಪ "ಹೂಂ" ಅಂದ. ಮರುದಿನ ಮುಂಜಾನೆ ಅಜ್ಜಿ ಎಂದಿನಂಗ ರೊಟ್ಟಿ ಬುತ್ತಿ ಕಟ್ಟಿಟ್ಟಿದ್ಲು. "ಅಜ್ಜಿ, ಕೆಲಸ ಹೋಗೇತಿ ಅಂದ್ನಲ್ಲ?"

"ಹಸಿವು ನೌಕರಿ ಕೇಳಿ ಬರ್ತೈತೇನು? ತಗೊಂಡು ನಡಿ, ಹುಡುಕೋರಿಗೂ ಹೊಟ್ಟಿ ಐತಿ."

ಹಿಂಗಾಗಿ ನಾನು ದಿನಾ ಬುತ್ತಿ ಹಿಡಕೊಂಡು ಅದ ಬಸ್ಸಿಗೆ ರಾಣೇಬೆನ್ನೂರಿಗೆ ಹೋಗಿ ಬಸ್‌ಸ್ಟ್ಯಾಂಡಿನ್ಯಾಗ ಕುಂದ್ರಾಕ ಹತ್ತಿದ್ನಿ. ಕೆಲಸ ಇಲ್ದಾವಗ ಬಸ್‌ಸ್ಟ್ಯಾಂಡ್ ಭಾಳ ಮರ್ಯಾದಿ ಜಾಗ ನೋಡ್ರಿ. ಯಾರೂ ಏನೂ ಕೇಳಂಗಿಲ್ಲ. ಎಲ್ಲಿಗೋ ಹೊಂಟಾನ ಅಂತನ ತಿಳೀತಾರ.

ಹುಡುಕಲಿಲ್ಲ ಅಂತಲ್ಲ. ಹಾವೇರ್ಯಾಗ ಯಾವುದೋ ಆಫೀಸಿಗೆ ಹುಡುಗರು ಬೇಕಾಗ್ಯಾರಂತ ಕೇಳಿ ಹೋದ್ನಿ. ಕನ್ನಡಕದವರು ಒಬ್ಬರು "ಏನು ಬರ್ತೈತಿ ನಿನಗ?" ಅಂದ್ರು. ಎದಿ ಉಬ್ಬಿಸಿ "ರೆಕಾರ್ಡಿಂಗ್ ಬರ್ತೈತ್ರಿ" ಅಂದ್ನಿ. ಅವರು ಖುಷಿಯಾಗಿ ಎದ್ದು ನನ್ನ ಒಳಗ ಕರಕೊಂಡು ಹೋಗಿ, ಮಾಳಿಗಿ ಮುಟ್ಟೋ ತನಕ ಒಟ್ಟಿದ್ದ ಹಳೇ ಫೈಲು ತೋರಿಸಿ, "ಇವಿಷ್ಟೂ ರೆಕಾರ್ಡು. ಧೂಳ ಜಾಡಿಸಿ ನಂಬರ್ ಪ್ರಕಾರ ಹಚ್ಚು" ಅಂದ್ರು. ಧೂಳ! ಮೊದಲನೇ ಫೈಲ್ ತಗದ್ನಿ. ಮುಂದಿಂದು ನಿಮಗ ತಿಳೀತು. ಅರ್ಧಾ ತಾಸು ಬಿಡದ ಸೀನಿದ್ನಿ, ಜೋಡಿ, ಒಂಟಿ, ಎಲ್ಲಾ ನಮೂನಿ. ಅವರೇ ನೀರು ತಂದುಕೊಟ್ಟು, "ತಮ್ಮಾ, ಜೀವ ಇದ್ರ ಬ್ಯಾರೆ ಕೆಲಸ ಸಿಗ್ತೈತಿ" ಅಂತ ಬಸ್ ಹತ್ತಿಸಿದ್ರು.

ಆಮ್ಯಾಲ ನಮ್ಮ ಕಡೆ ಬೀಜದ ಹೊಲದಾಗ ಕ್ರಾಸಿಂಗ್ ಕೆಲಸಕ್ಕ ಹೋದ್ನಿ. ಗಂಡು ಹೂವಿನ ಪುಡಿ ಒಂದು ಸಣ್ಣ ಬಟ್ಟಲದಾಗ ಕೂಡಿಸಿ, ಅದನ್ನ ಹೆಣ್ಣು ಹೂವಿಗೆ ಒಂದೊಂದಕ್ಕ ಮುಟ್ಟಿಸಬೇಕು. ಹೆಣ್ಣುಮಕ್ಕಳು ಚಕಚಕ ಮಾಡ್ಕೋತ ಹೊಂಟಿದ್ರು. ಮುಂಜಾನಿಂದ ಹತ್ತು ಮಂದಿ ಕೂಡಿಸಿದ ಪುಡಿ ಇದ್ದ ಬಟ್ಟಲ ನನ್ನ ಕೈಯಾಗ ಕೊಟ್ರು. ಯಾಕ ಕೊಟ್ರೋ! ಒಂದ ಸೀನು. ಬಟ್ಟಲ ತೊಳದಂಗ ಸ್ವಚ್ಛ ಆತು. ಹೊಲದ ಅಕ್ಕ ಸೊಂಟದ ಮ್ಯಾಲ ಕೈ ಇಟ್ಕೊಂಡು ಅಂದ್ಲು, "ಯಪ್ಪಾ, ಒಂದ ಸೀನಿಗೆ ಇಡೀ ಹೊಲದ ಲಗ್ನ ಮಾಡಿಬಿಟ್ಟೆಲ್ಲೋ!" ಮಧ್ಯಾಹ್ನದ ಬುತ್ತಿ ಅಲ್ಲೇ ಉಂಡ್ನಿ, ಅಷ್ಟ ಲಾಭ. ಆದ್ರ ಈ ಹೂವಿನ ಪುಡಿ ಒಂದು ನೆನಪಿಟ್ಕೋರಿ, ಮುಂದ ಬರ್ತೈತಿ.

ಮೂರು ತಿಂಗಳು ಹಿಂಗ ಹೋದ್ವು. ಒಂದು ದಿನ ಬಸ್‌ಸ್ಟ್ಯಾಂಡಿನ್ಯಾಗ ನನ್ನ ಕಲ್ಲ ಬೆಂಚಿನ ಮ್ಯಾಲ ಕುಂತಾಗ, ಬಿಳೇ ಗಡ್ಡದ ಒಬ್ಬರು ಬಂದು ನನ್ನ ಮಾರಿ ದಿಟ್ಟಿಸಿ ನೋಡಿ, "ಒಂದಿಷ್ಟು ಮಾತಾಡು" ಅಂದ್ರು.

"ಏನು ಮಾತಾಡ್ಲ್ರಿ?"

"ಅದ, 'ತಿರುವಿ ಹಾಕ್ರಿ, ಇನ್ನೂ ಐತಿ' ಅನ್ನು."

ಅಂದ್ನಿ. ಅವರು ತೊಡಿ ಬಡಕೊಂಡ್ರು. "ಸಿಕ್ಕ! ಇವನ ಅವ!"

ಅವರೇ ಮೌಲಾ ಕಾಕಾ. ಬ್ಯಾಡಗ್ಯಾಗ ಮೈಕ್ ಸೆಟ್ ಇಟ್ಟೋರು. ಆಟೋದ ಮ್ಯಾಲ ಸ್ಪೀಕರ್ ಕಟ್ಟಿ ಊರ ತುಂಬ ಸುದ್ದಿ ಸಾರೋದು ಅವರ ಧಂಧೆ. ಇಪ್ಪತ್ತು ವರ್ಷ ತಾವ ಒದರಿ ಒದರಿ ಅವರ ಗಂಟಲು ಕೂತಿತ್ತು, ಮಾತಾಡಿದ್ರ ಬಾಗಿಲ ಕಿರಗುಟ್ಟಿದಂಗ ಕೇಳ್ತಿತ್ತು. ಹಿಂದ ಯಾವಾಗೋ ಬಸಣ್ಣನ ಅಂಗಡ್ಯಾಗ ಕವ್ವಾಲಿ ತುಂಬಿಸಿಕೊಂಡಿದ್ರು, ಅದರಾಗ ನನ್ನ ದನಿ ಇತ್ತು. ಬಸಣ್ಣನ್ನ ಕೇಳಿಕೊಂಡು ಹುಡುಕ್ಕೋತ ಬಂದಿದ್ರು.

"ನೋಡು ಬೇಟಾ," ಅಂದ್ರು, "ನಮ್ಮೂರಾಗ ಗಂಗಕ್ಕ ಖಾರದ ಗಿರಣಿ ಹಾಕ್ಯಾಳ. ಗುರುವಾರ ಶುಭಾರಂಭ. ಆಕಿ ಅಣ್ಣತಮ್ಮರು ಪ್ಯಾಟ್ಯಾಗ ದೊಡ್ಡ ಮಂದಿ, ನನಗ ಬರೋ ಕೆಲಸ ಅರ್ಧ ಅವರ ಕಡೆಯಿಂದನ. ಈ ಒಂದು ಕ್ಯಾಸೆಟ್ ಸೈ ಆತಂದ್ರ, ನೀ ನನ್ನ ಕೂಡನ ಇದ್ದುಬಿಡು. ಆಗ್ಲಿಲ್ಲಂದ್ರ ನಾನೂ ಮೈಕು ಮಾರಿ ಮೊಮ್ಮಕ್ಕಳನ್ನ ಆಡಿಸ್ಕೋತ ಕುಂದ್ರಾವ."

ಮಂಗಳವಾರ ಡೆಕ್ಕು ಹೊತ್ಕೊಂಡು ಬ್ಯಾಡಗಿಗೆ ಹೋದ್ನಿ. ಸುಗ್ಗಿ ಜೋರಿತ್ತು. ಬ್ಯಾಡಗಿ ಮೆಣಸಿನಕಾಯಿ ನನ್ನಂಗನ, ಬಣ್ಣ ಜಾಸ್ತಿ ಖಾರ ಕಡಿಮಿ ಅಂತಾರ. ಆ ಮಾತು ನನ್ನ ಮೂಗಿಗೆ ಯಾರೂ ಹೇಳಿದ್ದಿಲ್ಲ. ಬಸ್ಸಿಳಿದು ಕಾಕಾನ ಮನಿ ಮುಟ್ಟೋದ್ರಾಗ ಹನ್ನೊಂದು ಸೀನಿದ್ನಿ. ಕಾಕಾ ನಕ್ಕು, "ನಮ್ಮೂರಿಗೆ ಬಂದ ಬೀಗರನ್ನ ಹಿಂಗ ಗುರುತು ಹಿಡೀತೇವಿ" ಅಂದ್ರು. ಸೀನಿದಾಗೊಮ್ಮೆ ಅವರು ಎದಿ ಮುಟ್ಕೊಂಡು "ಅಲ್ಲಾ ರಹಮ್ ಮಾಡಲಿ" ಅಂತಿದ್ರು. ಅವರಲ್ಲಿ ಸೀನು ಅಂದ್ರ ದೇವರನ್ನ ನೆನಸೋ ಹೊತ್ತಂತ. ನಮ್ಮ ಅಜ್ಜಿಗೆ ಇದನ್ನ ಹೇಳಬೇಕಂದ್ಕೊಂಡ್ನಿ.

ಮೈಕ್ ಮುಂದ ಕುಂತು ನಾನು ಪುಸ್ತಕದ ಕನ್ನಡ ಸುರು ಮಾಡಿದ್ನಿ. "ಆತ್ಮೀಯ ನಾಗರಿಕ ಬಂಧುಗಳೇ, ತಮ್ಮೆಲ್ಲರಲ್ಲಿ ಸವಿನಯ ಪ್ರಾರ್ಥನೆ..."

"ಬಂದ್ ಮಾಡು, ಬಂದ್ ಮಾಡು," ಅಂದ್ರು ಕಾಕಾ. "ಯಾರರ ಸತ್ತಾರೇನು? ನಿಮ್ಮ ಮನಿಗೆ ಮಂದಿ ಬಂದ್ರ ಹಿಂಗ ಕರೀತಿಯೇನು? 'ಬರ್ರಿ' ಅನ್ನು. ಆ 'ರಿ' ಐತಲ್ಲ, ಅದು ಕೈ ಹಿಡದು ಒಳಗ ಎಳಕೊಂಡು ಬರ್ತೈತಿ."

ಹಂಗ ಮಾಡಿದ್ನಿ. "ಬರ್ರಿ ಅಕ್ಕಾರ, ಬರ್ರಿ ಅವ್ವಾರ, ಬರ್ರಿ ಅಣ್ಣಾರ! ಒಳ್ಳಾಗ ಒನಕಿಲೆ ಕುಟ್ಟಿ ಕುಟ್ಟಿ ರಟ್ಟಿ ಸೋತಾವೇನು? ಮೆಣಸಿನಕಾಯಿ ನಿಮ್ಮದು, ಕುಟ್ಟೋದು ನಮ್ಮದು! ಗಂಗಕ್ಕಾರ ಖಾರದ ಗಿರಣಿ! ಗುರುವಾರ ಮುಂಜಾನೆ ಶುಭಾರಂಭ!"

ಏನು ಹೇಳ್ಲಿ, ಅಷ್ಟೂ ಹೊತ್ತು ಮೂಗಿನ ತುದಿಗೆ ಒಂದು ಸೀನು ಬಂದು ನಿಂತಿತ್ತು. ಹಲ್ಲು ಕಚ್ಚಿ ತಡಕೊಂಡು "ಶುಭಾರಂಭ" ಅಂದವನ ಗುಂಡಿ ಒತ್ತಿ ಬಂದ್ ಮಾಡಿ, ಆಮ್ಯಾಲ ಸಮಾಧಾನದಿಂದ ಸೀನಿದ್ನಿ. ನಾಕು ವರ್ಷದ ಡೆಕ್ಕು, ಗುಂಡಿ ಅರ್ಧಕ್ಕ ನಿಂತಿತ್ತು. ಟೇಪು ಇನ್ನೂ ತಿರುಗಾಕತ್ತಿತ್ತು. ನನಗ ಗೊತ್ತಾಗ್ಲಿಲ್ಲ. ಅದನ್ನ ಇನ್ನೊಂದು ಕ್ಯಾಸೆಟ್ಟಿಗೆ ಒಂದರ ಹಿಂದ ಒಂದು ಇಪ್ಪತ್ತು ಸಲ ಎತ್ತಿ ಹಾಕಿದ್ನಿ. ಲಗೂ ಆಗಲಿ ಅಂತ ಡಬಲ್ ಸ್ಪೀಡ್ ಇಟ್ಟಿದ್ನಿ, ಅದರಾಗ ಮಾತೆಲ್ಲ ಇಲಿ ಚೀರಿದಂಗ ಕೇಳ್ತಾವು, ಸೀನು ಯಾವುದು ಸುದ್ದಿ ಯಾವುದು ತಿಳಿಯಂಗಿಲ್ಲ. ಹಿಂಗ ನನ್ನ ಕೈಯಾರೆ ಒಂದು ಒಂಟಿ ಸೀನನ್ನ ಇಪ್ಪತ್ತು ಮಾಡಿ ಕಾಕಾನ ಕೈಗೆ ಕೊಟ್ಟು ಊರಿಗೆ ಹೋದ್ನಿ.

ಬುಧವಾರ ನನಗ ಬ್ಯಾಡಗ್ಯಾಗ ಕೆಲಸಿದ್ದಿಲ್ಲ. ಆದ್ರೂ ಹೋದ್ನಿ. ಯಾಕಂದ್ರ, ನೀವು ನಗಬ್ಯಾಡ್ರಿ, ನನ್ನ ದನಿ ಓಣಿಯೊಳಗ ಹೆಂಗ ಕೇಳ್ತೈತಿ ಅಂತ ನೋಡಬೇಕಿತ್ತು. ಬಸ್‌ಸ್ಟ್ಯಾಂಡಿನ್ಯಾಗ ನಿಂತ್ನಿ. ದೂರದಿಂದ ಬರಾಕ ಹತ್ತಿತು, "ಬರ್ರಿ ಅಕ್ಕಾರ, ಬರ್ರಿ ಅವ್ವಾರ..." ಮೈಯೆಲ್ಲ ಝುಂ ಅಂತು. ಬಾಜೂಕ ಒಬ್ಬರು ಚೀಲ ಹಿಡಕೊಂಡು ಹುಬ್ಬಳ್ಳಿ ಬಸ್ಸಿಗೆ ಒಂದು ಕಾಲು ಇಟ್ಟಿದ್ರು. ಅವರಿಗೆ ಅಂದ್ನಿ, "ಅದು ನನ್ನ ದನೀರಿ."

"ಹೌದೇನು? ಭೇಷ್ ಐತಪಾ."

"...ಗುರುವಾರ ಮುಂಜಾನೆ ಶುಭಾರಂಭ! ಆಆಆಕ್ಷೀ! ಅಯ್ಯಪ್ಪಾ."

ಆ ಮನುಷ್ಯಾ ಇಟ್ಟಿದ್ದ ಕಾಲು ಹಿಂದಕ್ಕ ತಗೊಂಡ್ರು. ಎದ್ದು ನಿಂತಿದ್ದ ಇಬ್ಬರು ಮುದುಕ್ಯಾರು ಮತ್ತ ಕುಂತ್ರು. ಹಣ್ಣು ಕಾಯಿ ತಾಟು ಹಿಡಕೊಂಡು ಹುಡುಗಿ ನೋಡಾಕ ಹೊಂಟಿದ್ದ ಒಂದು ಗುಂಪು ನಡೂ ರಸ್ತಾದಾಗ ನಿಂತು ಒಬ್ಬರ ಮಾರಿ ಒಬ್ಬರು ನೋಡಿಕೊಂಡು ಹಿಂದ ತಿರುಗಿತು. ಆಟೋ ನಮ್ಮ ಮುಂದ ಹಾದುಹೋತು, ಒಳಗ ಕಾಕಾ ಎದಿ ಮುಟ್ಟಿಕೊಂಡು "ಅಲ್ಲಾ ರಹಮ್ ಮಾಡಲಿ" ಅಂತ ಹೊಂಟಿದ್ರು. ಸ್ಪೀಕರಿನ ಬಾಯಿ ಹೊರಗ, ಇಂಜಿನಿನ ಸದ್ದು ಒಳಗ. ಪಾಪ ಅವರು ರಸ್ತಾದಾಗ ಯಾರೋ ಸೀನಾಕತ್ತಾರ ಅಂತ ತಿಳದಿದ್ರಂತ. "ಇವತ್ತ ಊರಿಗೆ ಹೊರಗಿನವರು ಭಾಳ ಬಂದಾರ ಅನ್ಕೊಂಡ್ನಿ" ಅಂತ ಆಮ್ಯಾಲ ಹೇಳಿದ್ರು.

ಚೀಲದ ಮನುಷ್ಯಾ ನನ್ನ ಕಡೆ ತಿರುಗಿ ತಣ್ಣಗ ಕೇಳಿದ್ರು, "ಆ ಸೀನೂ ನಿಂದ ಏನು?"

ನಾನು ಓಡಿದ್ನಿ. ಆಟೋ ನಿಲ್ಲಿಸೋದ್ರಾಗ ಊರಾಗ ಉಳಿದಿದ್ದು ಎರಡ ಓಣಿ.

ಗಂಗಕ್ಕ ಗಿರಣಿ ಬಾಗಿಲದಾಗ ನಿಂತಿದ್ಲು. ಇಪ್ಪತ್ತು ವರ್ಷ ಮಂದಿ ಮನಿ ಖಾರ ಒಳ್ಳಾಗ ಕುಟ್ಟಿಕೊಟ್ಟು, ಈಗ ಸ್ವಂತ ಮಷಿನ್ ಕೂಡಿಸಿದಾಕಿ. ಒಳಗ ಹೊಸಾ ಮಷಿನ್ನಿಗೆ ಅರಿಶಿಣ ಕುಂಕುಮ ಹಚ್ಚಿ, ಪೂಜಾಕ್ಕಂತ ಚೆಂಡುಹೂವಿನ ಬುಟ್ಟಿ ಇಟ್ಟಿದ್ಲು. ನಮ್ಮನ್ನ ನೋಡಿದ ಕೂಡ್ಲೆ ಸುರು ಮಾಡಿದ್ಲು.

"ಬಾರೋ ಮೌಲಾಣ್ಣಾ, ಬಾ! ಊರ ತುಂಬ ಪೇಡೆ ಹಂಚಂದ್ರ ಒಂಟಿ ಸೀನು ಹಂಚಿ ಬಂದ್ಯಲ್ಲೋ! ನನ್ನ ಶುಭಾರಂಭಕ್ಕ ಶುಭಾ ಅನ್ನೋದ್ರಾಗ ಆಕ್ಷೀ! ನಾಳೆ ನನ್ನ ಬಾಗಲಕ್ಕ ಯಾರು ಬರ್ತಾರ? ಯಾರಂವ ಆ ಮೂಗಿನವ?"

ನಾನು ಕೈ ಎತ್ತಿದ್ನಿ. ಶಾಲ್ಯಾಗ ಹಾಜರಿ ಕೊಟ್ಟಂಗ.

"ಹೆಸರೇನಲೇ?"

"ಸೀನೂ ರೀ."

"ಯವ್ವಾ ದೇವರ!" ಅಂತ ಆಕಿ ಹಣಿ ಬಡಕೊಂಡ್ಲು. "ಹೆಸರು ಕೇಳ್ದ ಕರಕೊಂಡು ಬಂದಿಯೇನೋ ಮೌಲಾಣ್ಣಾ?"

ಕಾಕಾ ಮೆಲ್ಲಕ ಅಂದ್ರು, "ಗಂಗವ್ವಾ, ಮೈಕಿನ ಸೀನು ಲೆಕ್ಕಕ್ಕ ಬರ್ತೈತೇನು? ಅದು ಬರೇ ಟೇಪು."

"ಮೈಕಿನ ಮಂತ್ರಕ್ಕ ಪುಣ್ಯ ಬರ್ತೈತಂದ್ರ ಮೈಕಿನ ಸೀನಿಗೆ ಪಾಪ ಬರಂಗಿಲ್ಲೇನು? ಇನ್ನ ಮ್ಯಾಲ ನಮ್ಮ ಅಣ್ಣತಮ್ಮರ ಕಡೆಯಿಂದ ಒಂದು ಕೆಲಸ ನಿನಗ ಬಂದ್ರ ಕೇಳು."

ಕಾಕಾನ ಮಾರಿ ಬಾಡಿತು. ಅವರು ನನ್ನ ಬೈಲಿಲ್ಲ. ಅದ ನನಗ ಭಾಳ ಆತು. ಮೂರು ತಿಂಗಳ ಹಿಂದ ಬಸಣ್ಣ ನನ್ನ ಮಾರಿ ನೋಡದ ಕ್ಯಾಸೆಟ್ ಒರಸಿದ್ನಲ್ಲ, ಇವರೂ ಹಂಗ ಆಟೋದ ಕನ್ನಡಿ ಒರಸಾಕ ಹತ್ತಿದ್ರು. ಆಗ ನನ್ನ ಬಾಯಿಂದ ನಮ್ಮಪ್ಪನ ಮಾತು ಬಂತು. "ಅಕ್ಕಾರ, ಇನ್ನೊಂದು ಹೊಡದ್ರ?"

"ಏನು ಹೊಡೀತಿ?"

"ಸೀನ್ರಿ. ಜೋಡಿ ಆದ್ರ ಶುಭ ಅಲ್ಲೇನ್ರಿ?"

ಗಂಗಕ್ಕ ಕಣ್ಣು ಸಣ್ಣ ಮಾಡಿದ್ಲು. "ಒಂದನೇದು ನಿನ್ನೆ ಸೀನೀದಿ, ಇವತ್ತ ಇನ್ನೊಂದು ಸೀನಿದ್ರ ಜೋಡಿ ಹೆಂಗಾತು? ಬೆನ್ನಿಗೇ ಬರಬೇಕು."

"ಟೇಪಿನ್ಯಾಗ ಬೆನ್ನಿಗೇ ಹಚ್ತೇನ್ರಿ! ಅದ ನನ್ನ ಕೆಲಸ."

"ಅದ ಮೂಗಿಂದ ಆಗಬೇಕು."

"ಮೂಗು ಇಲ್ಲೇ ಐತ್ರಿ."

"ಮತ್ತ ಖರೇ ಸೀನು ಇರಬೇಕು. ಬಾಯಿಲೆ ಅಂದ್ರ ನನಗ ಗೊತ್ತಾಗ್ತೈತಿ."

ನಮ್ಮ ಅಜ್ಜಿಗೂ ಈಕಿಗೂ ಏನರ ಸಂಬಂಧ ಐತೋ ಏನೋ ಅನ್ಕೊಂಡು, ಕಾಕಾನ ಮನ್ಯಾಗ ಬಿಟ್ಟು ಹೋಗಿದ್ದ ಡೆಕ್ಕು ತಂದು ಗಿರಣ್ಯಾಗ ಇಟ್ನಿ. ಮೂಲ ಕ್ಯಾಸೆಟ್ ಹಾಕಿ, ಆ "ಆಕ್ಷೀ" ಮುಗಿದು "ಅಯ್ಯಪ್ಪಾ" ಸುರು ಆಗೋ ಕೂದಲೆಳಿ ಜಾಗದಾಗ ನಿಲ್ಲಿಸಿದ್ನಿ. ಕಾಕಾ ಗುಂಡಿ ಮ್ಯಾಲ ಬೆರಳಿಟ್ಕೊಂಡು ಕುಂತ್ರು. ನಾನು ಮೈಕ್ ಮುಂದ ಮೂಗು ಚಾಚಿದ್ನಿ.

ಬರ್ಲಿಲ್ಲ.

ಹಿಂದಿನ ದಿನ ಹನ್ನೊಂದು ಸೀನು ರಸ್ತಾದಾಗ ಚೆಲ್ಲಿಕೊಂಡು ಬಂದ ಮೂಗು, ಹೆದರಿಕಿಗೆ ಒಣಗಿ ಕಟಗಿ ಆಗಿತ್ತು. ಗಂಗಕ್ಕ ಮೆಣಸಿನಕಾಯಿ ಮುರದು ಹಿಡದ್ಲು. ಕಣ್ಣೀರು ಬಂತು, ಸೀನು ಬರ್ಲಿಲ್ಲ. ಕಾಕಾ ಯಾರದೋ ಕಡೆಯಿಂದ ನಸ್ಯ ತಂದ್ರು. ಕೆಮ್ಮು ಬಂತು. ಸೂರ್ಯನ್ನ ನೋಡಿದ್ನಿ. ಮೂಗಿನ್ಯಾಗ ದಾರ ಹಾಕಿದ್ನಿ. ಬಿಕ್ಕಳಿಕಿ ಹತ್ತಿತು. ಬಾಗಿಲದಾಗ ಮಂದಿ ಕೂಡಿದ್ರು. "ಬಂತು, ಬಂತು, ಬಂತು... ಹೋತು," ಅಂತ ಎಲ್ಲಾರೂ ಉಸಿರು ಬಿಡೋದು. ಜಲ್ಮದಾಗ ನನ್ನ ಸೀನಿಗೆ ಇಷ್ಟು ಮಂದಿ ಕಾದಿದ್ದಿಲ್ಲ.

ಕಡೀಗೆ ಗಂಗಕ್ಕ ಸೋತು, "ಆಗೂದಿಲ್ಲ ಬಿಡಪಾ. ನನ್ನ ದೈವ" ಅಂತ ಚೆಂಡುಹೂವಿನ ಬುಟ್ಟಿ ಒಳಗಿಡಾಕ ಎತ್ತಿದ್ಲು. ಬುಟ್ಟಿ ನನ್ನ ಮೂಗಿನ ಮುಂದ ಹಾದುಹೋತು. ಹೂವಿನ ಪುಡಿ! ಬೀಜದ ಹೊಲದ ನೆನಪು ಮೂಗಿಗೆ ನನಗಿಂತ ಮೊದಲ ಬಂತು. "ಅಕ್ಕಾರ, ನಿಂದರ್ರಿ!" ಅಂತ ಬುಟ್ಟಿಯೊಳಗ ಮಾರಿನ ಇಟ್ನಿ. ಆ ಆ ಆ... ಕಾಕಾ ಗುಂಡಿ ಒತ್ತಿದ್ರು. ಆಕ್ಷೀ!

ಬೆನ್ನಿಗೇ ಮೂರನೇದು ಹೊಂಟಿತ್ತು. ಗಂಗಕ್ಕ ಚಂಗನ ಹಾರಿ ನನ್ನ ಮೂಗು ಎರಡು ಬೆರಳಿಲೆ ಹಿಡದು ಒತ್ತಿದ್ಲು. ಕಾಕಾ ಬಂದ್ ಮಾಡಿದ್ರು. ಈ ಸಲ ಗುಂಡಿ ಪೂರ್ತಿ ಕೂತಿತು.

ಟೇಪು ಹಿಂದಕ್ಕ ಸುತ್ತಿ ಕೇಳಿಸಿದ್ನಿ. "ಶುಭಾರಂಭ! ಆಕ್ಷೀ! ಆಕ್ಷೀ!" ಗಂಗಕ್ಕ ಕಣ್ಣು ಮುಚ್ಚಿಕೊಂಡು ಕೇಳಿ, "ಇನ್ನೊಮ್ಮೆ ಹಾಕು" ಅಂದ್ಲು. ಮತ್ತ ಕೇಳಿದ್ಲು. "ಹೂಂ. ಜೋಡಿ ಆತು. ಆದ್ರ ನಾಳೆ ಪೂಜಾ ಆಗೋದ್ರಾಗ, ಎಲ್ಲೆಲ್ಲಿ ಒಂಟಿ ಹಂಚೀರಿ ಅಲ್ಲೆಲ್ಲ ಜೋಡಿ ಹಂಚಿ ಬರಬೇಕು. ಒಂದು ಓಣಿ ಬಿಡಬಾರದು."

ಗುರುವಾರ ಮುಂಜಾನೆ ಕಾಕಾ ಆಟೋ ಹೊಡಿಯೋದು, ನಾನು ಬಾಜೂಕ ಕುಂತು ಯಾವ ಓಣಿ ಆತು ಯಾವುದು ಬಾಕಿ ಅಂತ ನೋಡೋದು. ಮಂದಿ ಮೊದಲ ಸೀನಿಗೆ ನಿಲ್ಲೋರು, ಎರಡನೇದಕ್ಕ ನಕ್ಕು ಮುಂದ ನಡಿಯೋರು. ಆ ಹುಡುಗಿ ನೋಡಾಕ ಹೊಂಟಿದ್ದ ಗುಂಪು ಜೋಡಿ ಸೀನು ಕೇಳಿದ್ದ ತಡ ತಾಟು ಹಿಡಕೊಂಡು ಮನಿಯಿಂದ ಹೊರಬಿತ್ತು, ಕಣ್ಣಾರೆ ನೋಡೇನಿ. ಗಿರಣಿಗೆ ಬಂದು ನೋಡ್ತೇವಿ, ಹೆಣ್ಣುಮಕ್ಕಳು ಚೀಲ ಹಿಡಕೊಂಡು ಸಾಲ ಹಚ್ಚಿದ್ರು. ಖಾರ ಕುಟ್ಟಿಸಾಕ ಬಂದೋರೆಷ್ಟೋ, ಸೀನಿದವನ ಮಾರಿ ನೋಡಾಕ ಬಂದೋರೆಷ್ಟೋ. "ಇವನ ಏನ ಅಂವ? ಇಷ್ಟು ತೆಳ್ಳಗ ಅದಾನ, ಅಂಥಾ ಸೀನು ಎಲ್ಲಿ ಇಟ್ಟಿದ್ದ?" ಇವತ್ತಿಗೂ ಆ ಗಿರಣಿಗೆ ಬೋರ್ಡಿನ ಮ್ಯಾಲಿನ ಹೆಸರು ಹೇಳಿದ್ರ ಯಾರಿಗೂ ತಿಳಿಯಂಗಿಲ್ಲ. ಜೋಡಿ ಸೀನಿನ ಗಿರಣಿ ಅನ್ನಬೇಕು.

ಸಂಜಿಮುಂದ ಕಾಕಾ ಸ್ಪೀಕರ್ ಇಳಿಸ್ಕೋತ ಅಂದ್ರು, "ನಾಳಿಂದ ಬಾ."

ಎರಡ ಮಾತು. ಬಸಣ್ಣ ಮೂರು ತಿಂಗಳ ಹಿಂದ ಹೇಳಿದ್ದರಾಗ ಒಂದು "ಬ್ಯಾಡ" ತಗದ್ರ ಇಷ್ಟ ಉಳೀತೈತಿ. ಈಗ ಕ್ಯಾಸೆಟ್ ಹೋಗಿ ಕಂಪ್ಯೂಟರ್ ಬಂದೈತಿ, ಅದನ್ನೂ ಸ್ಕ್ರೂ ಉಳಿಸ್ಕೋತನ ಕಲತೇನಿ. ಹೊಸಾ ಅಂಗಡಿಯವರು ಬಂದ್ರ ಈಗಲೂ, "ನಮಗೂ ಜೋಡಿ ಸೀನು ಹಾಕ್ತೀರೇನ್ರಿ?" ಅಂತ ಕೇಳ್ತಾರ. ಅದನ್ನ ಕಂಪ್ಯೂಟರಿನ ಒಂದು ಫೈಲಿನ್ಯಾಗ ಇಟ್ಟೇನಿ. ಚೆಂಡುಹೂವು ಬೇಕಾಗಂಗಿಲ್ಲ.

ಒಂದು ಮಾತು ಬಿಟ್ಟುಬಿಟ್ಟಿದ್ನಿ. ಆ ಗುರುವಾರ ಮುಂಜಾನಿ ಮಾತು. ಜೋಡಿ ಸೀನಿನ ಕ್ಯಾಸೆಟ್ಟು ನನ್ನ ಕಡೆ ಇತ್ತು, ಮೊದಲನೇ ಬಸ್ಸು ಹಿಡೀಲಿಲ್ಲಂದ್ರ ಪೂಜಾ ಆಗೋದ್ರಾಗ ಓಣಿ ಎಲ್ಲಾ ಮುಗಿಯೂಹಂಗಿದ್ದಿಲ್ಲ. ಹಿಂದಿನ ದಿನ ಮನ್ಯಾಗ ಎಲ್ಲಾ ಹೇಳಿದ್ನಿ, ಅಜ್ಜಿ ಕೇಳಿಕೊಂಡಿದ್ಲು. ಬುತ್ತಿ ಹಿಡಕೊಂಡು ಹೊಸ್ತಿಲಾ ದಾಟಾಕ ಕಾಲೆತ್ತಿದ್ನಿ. ದೂರ ಬಸ್ಸಿನ ಹಾರನ್ ಕೇಳಿಸ್ತು. ಆಗ ಬಂತು ನೋಡ್ರಿ, ಒಂದ ಒಂದು. ಆಕ್ಷೀ!

ಎತ್ತಿದ ಕಾಲು ಹಂಗ ನಿಂತಿತು. ಅಪ್ಪ ನನ್ನ ನೋಡಿದ, ನಾನು ಅಪ್ಪನ್ನ ನೋಡಿದ್ನಿ. ಮೂಗು ಹಿಂಡಿಕೊಂಡ್ನಿ, ತಿಕ್ಕಿಕೊಂಡ್ನಿ. ಎರಡನೇದು ಇಲ್ಲ. ಒಳಗ ಹೋಗಿ ಕುಂತು ನೀರು ಕುಡಿಬೇಕು, ಬಸ್ಸು ಹೋತು, ಕಾಕಾ ಹೋದ್ರು ಅಂತ ತಿರುಗಿದ್ನಿ.

ಒಲಿ ಮುಂದ ರೊಟ್ಟಿ ಬಡಿಯಾಕತ್ತಿದ್ದ ಅಜ್ಜಿ ಕೈ ನಿಲ್ಲಿಸಿದ್ಲು. ನನ್ನ ಕಡೆ ನೋಡ್ಲಿಲ್ಲ. ಗೋಡಿ ಕಡೆ ಮಾರಿ ಮಾಡಿ, ಸೆರಗು ಮೂಗಿಗೆ ಹಿಡದು, "ಆಕ್ಷೀ" ಅಂದ್ಲು.

ನಾಕು ವರ್ಷ ಟೇಪಿನ ಮುಂದ ಕುಂತ ಕಿವಿರಿ ಇವು. ಖರೇ ಸೀನು ಯಾವುದು, ಬಾಯಿಲೆ ಅಂದಿದ್ದು ಯಾವುದು ತಿಳಿಯಂಗಿಲ್ಲೇನು? ಅದೂ ಬ್ಯಾರೆ ಮೂಗಿಂದು.

"ಜೋಡಿ ಆತು," ಅಂದ್ಲು ಅಜ್ಜಿ, ಮತ್ತ ರೊಟ್ಟಿ ಬಡ್ಕೋತ. "ಏನು ನೋಡ್ಕೋತ ನಿಂತಿ? ನಡಿ."

ಬಸ್ಸು ಸಿಕ್ಕಿತು.